ಮೇಜಿನ ಬಟ್ಟೆ ಕತ್ತರಿಸಿ ಪಡೆದ ಸೀಟು

ಮನೆ, ಅಡುಗೆಮನೆಯ ಬತ್ತಲೆ ಮೇಜಿನಿಂದ
ಮಾರ್ಚ್ ೨೩, ಭಾನುವಾರ

ಪ್ರೀತಿಯ ಅಕ್ಕಾ,

ಕುಶಲ ವಿಚಾರಿಸುವುದಕ್ಕೆ ಮೊದಲು, ಕಾನೂನಿಗೆ ತಲೆಬಾಗುವ ಪ್ರಜೆಯಾಗಿ ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಯಾರ ಬೆದರಿಕೆಯಾಗಲಿ ಆಮಿಷವಾಗಲಿ ಇಲ್ಲದೆ, ಸ್ವಂತ ಬುದ್ಧಿಯಿಂದ (ಅದು ಎಷ್ಟಿದೆಯೋ ಅಷ್ಟರಿಂದ) ನಿನ್ನ ಕೆಂಪು ಟೇಬಲ್ ಕ್ಲಾತನ್ನು ಕತ್ತರಿಸಿದ್ದೇನೆ. ಹೌದು, ಅದೇ. ನೆಂಟರು ಬಂದಾಗ ಮಾತ್ರ ನೀನು ಹಾಸುತ್ತಿದ್ದ, ನೆಂಟರು ಏನಾದರೂ ಚೆಲ್ಲಿಯಾರೆಂದು ಅದರ ಮೇಲೆ ಪ್ಲಾಸ್ಟಿಕ್ ಹಾಸುತ್ತಿದ್ದ, ಪ್ಲಾಸ್ಟಿಕ್ಕಿಗೆ ಗೀರು ಬಿದ್ದೀತೆಂದು ಅದರ ಮೇಲೆ ಹಳೇ ಪೇಪರ್ ಹಾಸುತ್ತಿದ್ದ ಅದೇ ಬಟ್ಟೆ. ನಮ್ಮ ನೆಂಟರಲ್ಲಿ ಯಾರೂ ಆ ಬಟ್ಟೆಯ ಬಣ್ಣವನ್ನು ಕಣ್ಣಾರೆ ಕಂಡಿರಲಿಲ್ಲ. ಈಗ ಒಂದು ಇಡೀ ಕಾಲೇಜು ಕಂಡಿದೆ. ಆಯುಧ: ನನ್ನ ಜೇಬಿನ ಚಾಕು. ತುಂಡುಗಳ ಆಕಾರ: ತ್ರಿಕೋನ. ಪ್ರತ್ಯಕ್ಷ ಸಾಕ್ಷಿ: ಒಂದು ಹಕ್ಕಿ, ಅದು ಆಗಿನಿಂದಲೂ ನನ್ನ ವಿರುದ್ಧ ಕಿರುಚಿ ಕಿರುಚಿ ಹೇಳಿಕೆ ಕೊಡುತ್ತಿದೆ. ಶಿಕ್ಷೆಯನ್ನು ನೀನೇ ವಿಧಿಸು, ಆದರೆ ಪೂರ್ತಿ ಓದಿದ ಮೇಲೆ.

ಈಗ ಹೇಳು, ಹೇಗಿದ್ದೀಯ? ಹಡಗಿನ ತೂಗಾಟಕ್ಕೆ ಹೊಟ್ಟೆ ಒಗ್ಗಿಕೊಂಡಿತೇ? ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ದುಡಿದವಳಿಗೆ ಆಸ್ಪತ್ರೆಯೇ ತೇಲತೊಡಗಿದರೆ ಹೇಗಿರುತ್ತದೆ ಎಂದು ಇಲ್ಲಿ ಒಣನೆಲದ ಮೇಲೆ ಕೂತು ಯೋಚಿಸುತ್ತೇನೆ. ಡಾಕ್ಟರು ಹೊಲಿಗೆ ಹಾಕುವ ಹೊತ್ತಿಗೆ ಸರಿಯಾಗಿ ದೊಡ್ಡ ಅಲೆ ಬಂದರೆ ಹೊಲಿಗೆ ಎಲ್ಲಿಗೆ ಹೋಗುತ್ತದೆ? ಪಕ್ಕದ ಹಾಸಿಗೆಯ ರೋಗಿಗೋ? ಮಂಡಿನೋವಿಗೆ ನೀನೇ ಎಲ್ಲರಿಗೂ ಹೇಳುವ ವ್ಯಾಯಾಮವನ್ನು ನೀನು ಮಾಡುತ್ತಿದ್ದೀಯಾ, ಇಲ್ಲ ಊರಿಗೆಲ್ಲ ಉಪದೇಶ ಹೇಳಿ ಮೆಟ್ಟಿಲಿನ ಕಂಬಿ ಹಿಡಿದುಕೊಂಡೇ ಇಳಿಯುತ್ತಿದ್ದೀಯಾ? ಎದುರುಮನೆ ದೊಡ್ಡಮ್ಮ ದಿನವೂ ಕೇಳುತ್ತಾರೆ, ‘ನಿಮ್ಮಕ್ಕ ನೀರಿನ ಮೇಲೆ ಹೇಗಿದ್ದಾಳಪ್ಪ?’ ಎಂದು. ನೀನು ನಡೆದುಕೊಂಡೇ ಹೋಗುತ್ತಿರುವ ಹಾಗೆ ಅವರ ಧ್ವನಿ ಇರುತ್ತದೆ.

ನನ್ನ ಆರೋಗ್ಯ ಕಲ್ಲುಗುಂಡು. ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ಎಡಗಿವಿ ಮಾತ್ರ ಎಂದಿನಂತೆ. ಅದು ನನಗಿಂತ ಮೂರು ವರ್ಷ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದು, ಮತ್ತೆ ಕೆಲಸಕ್ಕೆ ಬರುವ ಲಕ್ಷಣವಿಲ್ಲ. ಶಬ್ದಕ್ಕೆ ಬೆಚ್ಚಿಬೀಳುವ ಆ ಹಳೆಯ ಚಾಳಿಯ ಬಗ್ಗೆ ನೀನು ಪ್ರತಿ ಪತ್ರದಲ್ಲೂ ಕೇಳುತ್ತೀಯಲ್ಲ, ಅದು ಪೂರ್ತಿ ಬಿಟ್ಟುಹೋಗಿದೆ ಎಂದು ಹೆಮ್ಮೆಯಿಂದ ತಿಳಿಸುತ್ತೇನೆ. ಮೊನ್ನೆ ಎದುರುಮನೆಯ ಕುಕ್ಕರಿನ ವಾಲ್ವು ಹಾರಿ ಛಾವಣಿಗೆ ಬಡಿಯಿತು. ದೊಡ್ಡಮ್ಮ ಬೀದಿಗೆ ಓಡಿಬಂದರು, ನಾನು ಇಲ್ಲಿ ಪೇಪರಿನ ಪುಟ ಮಗುಚಿದೆ. ಕಾಲೇಜಿಗೆ ಹೋದ ದಿನವೂ ಅಷ್ಟೆ. ಪಕ್ಕದ ಹಣ್ಣಿನ ತೋಟದವರು ಗಿಳಿ ಓಡಿಸಲು ಇಟ್ಟ ಗ್ಯಾಸಿನ ತುಪಾಕಿ ಬೇಲಿಯಾಚೆಯೇ ಢಮಾರ್ ಅಂದಿತು. ಅಕ್ಕಾ, ನಿನ್ನ ತಮ್ಮ ಕಣ್ಣು ಕೂಡ ಮಿಟುಕಿಸಲಿಲ್ಲ.

ಹಾಗಾಗಿ ಹೋದ ಪತ್ರದಲ್ಲಿ ನೀನು ಹಾಕಿದ ಬೆದರಿಕೆಗೆ ಈಗ ಬೆಲೆಯಿಲ್ಲ. ‘ಇನ್ನೂ ಆ ಸೋಫಾ ಬಿಟ್ಟು ಏಳದಿದ್ರೆ ನಾನು ಮುಂದಿನ ಬಂದರಲ್ಲೇ ಇಳಿದು ಬಂದ್ಬಿಡ್ತೀನಿ ಕಣೋ ಗುಂಡ, ಹಡಗೇನು ಓಡಿಹೋಗಲ್ಲ’ ಎಂದು ಬರೆದಿದ್ದೀಯ. ತಾಯಿ, ಹಡಗಿನ ಕೆಲಸವೇ ಓಡಿಹೋಗುವುದು. ಚಿಕ್ಕಂದಿನಲ್ಲಿ ನೀನು ಗೋಡೆಗೆ ಅಂಟಿಸಿದ್ದ ಬಿಳಿ ಹಡಗಿನ ಚಿತ್ರ ನನಗಿನ್ನೂ ನೆನಪಿದೆ. ಮೊದಲ ಸಲ ಹಡಗಿನವರು ಕರೆದಾಗ ಅಮ್ಮನಿಗೆ ಹುಷಾರಿಲ್ಲ ಎಂದು ನೀನು ಬಿಟ್ಟೆ. ಎರಡನೆಯ ಸಲ ನಾನು ಸೇನೆಯಿಂದ ಬಂದೆ, ಒಂದು ಟ್ರಂಕು, ಒಂದು ಕಿವಿ ಹೊತ್ತುಕೊಂಡು, ಆಗಲೂ ನೀನು ಬಿಟ್ಟೆ. ಮೂರನೆಯ ಸಲ ಹತ್ತಿದವಳು ನನಗೋಸ್ಕರ ಇಳಿದರೆ ನಾಲ್ಕನೆಯ ಸಲ ಕರೆಯಲು ಅವರೇನು ನಮ್ಮ ಸೋದರಮಾವಂದಿರೇ? ಆ ಪತ್ರ ಬಂದ ದಿನದಿಂದ ನನಗೆ ಒಂದೇ ಚಿಂತೆ: ನಿನ್ನ ಹಡಗು ಮುಂದಿನ ಬಂದರು ಮುಟ್ಟುವುದರೊಳಗೆ ನಾನೊಂದು ಕಡೆ ದಡ ಮುಟ್ಟಬೇಕು. ಮುಟ್ಟಿದ್ದೇನೆ. ಕೆಸರು ಮೆತ್ತಿಕೊಂಡು, ಆದರೂ ಮುಟ್ಟಿದ್ದೇನೆ.

ನಾನು ಓದಲು ಹೊರಟದ್ದೇಕೆ ಎಂದು ನಿನಗೆ ಸರಿಯಾಗಿ ಹೇಳಿರಲಿಲ್ಲ. ನೆಲದಲ್ಲಿ ಹೂತ ಬಾಂಬು ಹುಡುಕಿ ತೆಗೆಯುವುದು ನನ್ನ ಕೆಲಸವಾಗಿತ್ತಷ್ಟೆ. ಬಾಂಬು ಹೂತ ಕಡೆ ಮನುಷ್ಯ ಕಾಲಿಡುವುದಿಲ್ಲ. ಅದಕ್ಕೇ ಅಲ್ಲಿ ಹುಲ್ಲು ಸೊಂಟದೆತ್ತರ ಬೆಳೆದಿರುತ್ತಿತ್ತು, ಹುಲ್ಲಿನ ತುಂಬ ಹಕ್ಕಿ, ಮೊಲ, ಹೆಸರು ಗೊತ್ತಿಲ್ಲದ ಹೂವು. ನಾವು ಇಂಚಿಂಚು ತಡಕಿ, ನೆಲ ಶುದ್ಧವಾಯಿತೆಂದು ಸಹಿ ಹಾಕಿ ಬಿಟ್ಟುಕೊಟ್ಟರೆ ಮರುವರ್ಷ ಅಲ್ಲಿ ಗೋದಾಮು ಎದ್ದಿರುತ್ತಿತ್ತು. ಬಾಂಬು ತೆಗೆದವರೂ ನಾವೇ, ಮೊಲದ ಮನೆ ಕಿತ್ತುಹಾಕಲು ದಾರಿ ಮಾಡಿಕೊಟ್ಟವರೂ ನಾವೇ. ಅದು ಒಳಗೆಲ್ಲೋ ಚುಚ್ಚುತ್ತಿತ್ತು. ನಿನ್ನ ಹಿತ್ತಲನ್ನು ಒಂದು ವರ್ಷದಲ್ಲಿ ಮೂರು ಸಲ ಅಗೆದು ಮುಚ್ಚಿದ್ದನ್ನು ನೋಡಿ ದೊಡ್ಡಮ್ಮ ಗೋಡೆಯ ಮೇಲಿಂದ ‘ಏನಪ್ಪಾ, ಅಲ್ಲೂ ಬಾಂಬಿದೆಯಾ?’ ಎಂದಾಗ ನಾನು ನಕ್ಕೆ, ಆದರೆ ಅವತ್ತೇ ಕೂತು ಕಾಲೇಜುಗಳಿಗೆ ಬರೆದೆ. ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆ, ಸ್ನಾತಕೋತ್ತರ ಪದವಿ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಒಂದು ಸೆಮಿಸ್ಟರ್ ಕಳೆದಿರುತ್ತದೆ. ಸೇನೆಯಲ್ಲಿದ್ದಾಗಲೇ ಟೆಂಟಿನಲ್ಲಿ ಕೂತು ಅಂಚೆಯ ಮೂಲಕ ಬಿ.ಎಸ್ಸಿ. ಮುಗಿಸಿದ್ದು ಈಗ ಉಪಯೋಗಕ್ಕೆ ಬಂತು. ಇಷ್ಟು ದಿನ ರಕ್ಷಣೆ, ಇನ್ನು ಮೇಲೆ ಸಂರಕ್ಷಣೆ. ಸಂಸಾರ, ಸಂಪತ್ತು, ಸಂಗೀತ, ಯಾವ ‘ಸಂ’ ಕೂಡ ಕೈಹಿಡಿಯದವನಿಗೆ ಇದೊಂದಾದರೂ ಇರಲಿ.

ಕಾಲೇಜು ಹುಡುಕುವುದು ಹೆಣ್ಣು ನೋಡುವುದಕ್ಕಿಂತ ಕಷ್ಟ ಅಕ್ಕಾ. ಎರಡನ್ನೂ ಮಾಡಿ ಸೋತವನ ಅನುಭವದ ಮಾತಿದು. ಮೊದಲನೆಯ ಕಾಲೇಜಿನ ಗೇಟಿನಲ್ಲೇ ಆಳೆತ್ತರದ ಬೋರ್ಡು: ‘ಮಾಜಿ ಸೈನಿಕರಿಗೆ ನಮ್ಮ ಹೃದಯ ಸದಾ ತೆರೆದಿದೆ’. ಬೋರ್ಡಿನಲ್ಲಿರುವ ಸೈನಿಕ ಎಡಗೈಯಲ್ಲಿ ಸೆಲ್ಯೂಟ್ ಹೊಡೆಯುತ್ತಿದ್ದ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಹೃದಯ ತೆರೆದಿತ್ತು ನಿಜ, ಆದರೆ ಕೌಂಟರ್ ಮುಚ್ಚಿತ್ತು. ತೆರೆದಾಗ ಅಲ್ಲಿದ್ದವರು ನನ್ನ ಬಿಡುಗಡೆ ಪತ್ರವನ್ನು ತಲೆಕೆಳಗೆ ಹಿಡಿದು ನೋಡಿ, ‘ಇಪ್ಪತ್ತು ವರ್ಷ ಓದು ಬಿಟ್ಟಿದ್ದು ಯಾಕೆ ಅಂತ ಒಂದು ವಿವರಣೆ ಬರ್ಕೊಡಿ’ ಎಂದರು. ದೇಶ ಕಾಯುತ್ತಿದ್ದೆ ಎಂದೆ. ‘ಅದಕ್ಕೆ ರಜೆ ಚೀಟಿ ಇದೆಯಾ?’ ಎಂದರು. ನನ್ನಾಣೆಗೂ ನಿನ್ನಾಣೆಗೂ, ಹೀಗೇ ಕೇಳಿದರು.

ಎರಡನೆಯವರು ಇದಕ್ಕೆ ತದ್ವಿರುದ್ಧ. ಹೋದ ಕೂಡಲೇ ಸೈನಿಕರ ಸಮವಸ್ತ್ರದಂಥ ಎಲೆಮಚ್ಚೆಯ ಟೀ ಶರಟು ತೊಡಿಸಿದರು. ‘ಹೀರೋ ಸಾರ್’ ಎಂದು ಕರೆದರು. ತರಗತಿಗೆ ಕರೆದುಕೊಂಡು ಹೋಗಿ, ಮುಂದಿನ ಸಾಲಿನ ಮಧ್ಯದ ಕುರ್ಚಿಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದರು. ಬಾಗಿಲಿಗೆ ಬೆನ್ನು ಹಾಕಿ ನಾನು ಕೂರುವುದಿಲ್ಲವೆಂದು ನಿನಗೆ ಗೊತ್ತು. ನಮ್ಮನೆ ಊಟದ ಮೇಜಿನಲ್ಲೂ ಗೋಡೆಗೊರಗುವ ಜಾಗಕ್ಕೆ ನಾನು ನಿನ್ನೊಡನೆ ಜಗಳವಾಡಿದ್ದೇನೆ. ‘ಮಕ್ಕಳಿಗೆ ನಿಮ್ಮ ಶೌರ್ಯದ ಒಂದು ಘಟನೆ ಹೇಳಿ ಸಾರ್, ಸ್ವಲ್ಪ ರೋಮಾಂಚನ ಇರಲಿ’ ಎಂದರು. ನಾನು ನೀರು ಶುದ್ಧ ಮಾಡುವ ಮಾತ್ರೆಗಳ ಬಗ್ಗೆ ಸವಿಸ್ತಾರವಾಗಿ ಹೇಳಿದೆ. ರೋಮ ಒಂದೂ ನಿಮಿರಲಿಲ್ಲ. ಅವರಿಗೆ ಬೇಕಾಗಿದ್ದು ವಿದ್ಯಾರ್ಥಿಯಲ್ಲ, ವಿಗ್ರಹ. ಟೀ ಶರಟು ಮಾತ್ರ ಒಳ್ಳೆಯದಿದೆ, ಈಗ ಅದರಲ್ಲಿ ನೆಲ ಒರೆಸುತ್ತೇನೆ. ಇನ್ನೊಂದು ಕಾಲೇಜು ಪೂರ್ತಿ ಮನೆಯಿಂದಲೇ, ಕಂಪ್ಯೂಟರಿನ ಮುಂದೆ. ಅದರ ವಿವರಪುಸ್ತಕದ ರಕ್ಷಾಪುಟದಲ್ಲೇ ಒಬ್ಬ ಮಾಜಿ ಸೈನಿಕ ಸೋಫಾ ಮೇಲೆ ಕೂತು ಕಾಡಿನ ಬಗ್ಗೆ ಓದುತ್ತಿರುವ ಚಿತ್ರ. ಅದನ್ನು ಸೇರಿದ್ದರೆ ಎರಡು ವರ್ಷದ ಕೊನೆಯಲ್ಲಿ ಪದವಿಯನ್ನು ನ್ಯಾಯವಾಗಿ ನಮ್ಮ ಸೋಫಾಕ್ಕೇ ಕೊಡಬೇಕಾಗುತ್ತಿತ್ತು, ಹಾಜರಿ ಅದರದ್ದೇ.

ಉಳಿದದ್ದು ಈ ನಾಲ್ಕನೆಯದು. ಬೋರ್ಡಿಲ್ಲ, ಟೀ ಶರಟಿಲ್ಲ. ಬಸ್ಸಿಳಿದು ಬಹಳ ದೂರ ನಡೆಯಬೇಕು. ಫೋನ್ ಮಾಡಿದಾಗ ಎತ್ತಿದವರು ಮಾಜಿ ಸೈನಿಕರ ಸಲಹೆಗಾರರು. ಸ್ವತಃ ನೌಕಾಪಡೆಯಲ್ಲಿ ಅಡುಗೆಯವರಾಗಿದ್ದವರು. ‘ನಿಮ್ಮನ್ನ ಯಾರೂ ಹೀರೋ ಅನ್ನಲ್ಲ, ಬನ್ನಿ. ಬಾಗಿಲ ಪಕ್ಕದ ಕುರ್ಚಿ ಬೇಕಾ? ಬೇಗ ಹೇಳಿ, ಅದಕ್ಕೆ ಇಲ್ಲಿ ಪೈಪೋಟಿ ಇದೆ’ ಎಂದರು. ಆ ಒಂದು ಮಾತಿಗೆ ನಾನು ಅರ್ಧ ಸೋತಿದ್ದೆ. ನನ್ನ ಚೀಲದ ಜಿಪ್ಪು ಕಿತ್ತುಹೋಗಿತ್ತು, ಹಿಂದಿನ ದಿನ ಮಳೆ ಬೇರೆ ಸುರಿದಿತ್ತು. ಸರ್ಟಿಫಿಕೇಟುಗಳು ನೆನೆಯದಿರಲೆಂದು ಬೀರುವಿನಲ್ಲಿ ಕೈಗೆ ಸಿಕ್ಕ ಬಟ್ಟೆಯಲ್ಲಿ ಸುತ್ತಿ, ಹುರಿ ಬಿಗಿದು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಬಟ್ಟೆ ಯಾವುದೆಂದು ನೀನು ಊಹಿಸಿದೆ. ನಿನ್ನ ಹಲ್ಲು ಕಡಿಯುವ ಸದ್ದು ಇಲ್ಲಿಗೆ ಕೇಳುತ್ತಿದೆ, ಬಲಗಿವಿಗೆ.

ಸಂದರ್ಶನಕ್ಕೆ ಮೊದಲು ಮೇಡಂ (ವಿಭಾಗದ ಮುಖ್ಯಸ್ಥೆ, ನಿನ್ನ ವಯಸ್ಸಿನವರು, ನಿನ್ನ ಹಾಗೆಯೇ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಜಾತಿ) ಅರ್ಜಿ ಹಾಕಿದವರನ್ನೆಲ್ಲ ಹಿಂದಿನ ಹುಲ್ಲುಗಾವಲು ತೋರಿಸಲು ಕರೆದುಕೊಂಡು ಹೋದರು. ಒಂದಷ್ಟು ಹುಡುಗ ಹುಡುಗಿಯರು, ಅವರ ನಡುವೆ ಅವರ ಚಿಕ್ಕಪ್ಪನಂತೆ ನಾನು. ಅಲ್ಲಿ, ಬೇಲಿಯ ಹತ್ತಿರ, ಇಪ್ಪತ್ತು ಹೆಜ್ಜೆ ದೂರದಿಂದಲೇ ನಿನ್ನ ತಮ್ಮನ ಕಣ್ಣಿಗೆ ಅದು ಬಿತ್ತು: ಬರೀ ನೆಲದ ಮೇಲೆ, ಕಲ್ಲಿನ ನಡುವೆ ಕಲ್ಲಿನ ಬಣ್ಣದ್ದೇ ಮೊಟ್ಟೆ. ಟಿಟ್ಟಿಭದ ಗೂಡು. ಗೂಡೆಂದರೆ ಮರದ ಮೇಲಲ್ಲ, ಆ ಹಕ್ಕಿಗೆ ನೆಲವೇ ತೊಟ್ಟಿಲು. ಬೇರೆ ಯಾರಿಗೂ ಕಂಡಿರಲಿಲ್ಲ. ವರ್ಷಗಟ್ಟಲೆ ನೆಲವನ್ನೇ ದಿಟ್ಟಿಸಿ, ಒಂದು ಹೆಜ್ಜೆಯನ್ನೂ ತಪ್ಪಾಗಿ ಇಡದೆ ಬದುಕಿ ಬಂದವನ ಕಣ್ಣು ಸುಮ್ಮನೆಯೇ? ಮೇಡಂ ಬಹಳ ಸಂತೋಷಪಟ್ಟು ನೆಲದ ಮೇಲೆ ಉದ್ದಕ್ಕೆ ಮಲಗಿ ಮೊಟ್ಟೆಗಳನ್ನು ನೋಡಿದರು. ಗುರುಗಳು ಮಲಗಿದ ಮೇಲೆ ಶಿಷ್ಯರಾಗಬೇಕಾದವರೂ ಮಲಗಿದರು. ಹಿಂದಿನ ದಿನದ ಮಳೆಗೆ ನೆಲ ಹಸಿಯಾಗಿತ್ತು. ಅವತ್ತು ಸಂದರ್ಶನಕ್ಕೆ ಬಂದವರ ಅಂಗಿಯೆಲ್ಲ ಎದೆಯಿಂದ ಕೆಳಗೆ ಕೆಸರೇ. ‘ಯಾರೂ ತುಳೀದ ಹಾಗೆ ಏನಾದ್ರೂ ಗುರುತು ಹಾಕ್ಬಿಟ್ಟು ಬನ್ನಿ’ ಎಂದು ನನಗೆ ಹೇಳಿ ಮೇಡಂ ಎಲ್ಲರನ್ನೂ ಕರೆದುಕೊಂಡು ಹೋದರು.

ಗುರುತು ಹಾಕಬೇಕೆಂದು ನನಗೆ ಹೇಳಬಾರದಿತ್ತು ಅಕ್ಕಾ. ನನ್ನ ಕೈಗೆ ಗೊತ್ತಿರುವುದು ಒಂದೇ ಗುರುತು. ಬಟ್ಟೆ ಬಿಚ್ಚಿದೆ, ಚಾಕು ತೆಗೆದೆ, ಕೆಂಪು ತ್ರಿಕೋನಗಳನ್ನು ಕತ್ತರಿಸಿದೆ, ಒಣಕಡ್ಡಿ ನೆಟ್ಟು ಸುತ್ತ ಕಟ್ಟಿದೆ, ಸರ್ಟಿಫಿಕೇಟಿನ ಹುರಿಯನ್ನು ಮೊಣಕಾಲೆತ್ತರದಲ್ಲಿ ಬಿಗಿಯಾಗಿ ಎಳೆದೆ. ಜೇಬಿನಲ್ಲಿ ಮಾರ್ಕರ್ ಪೆನ್ನಿತ್ತು. ‘ಅಪಾಯ’ ಎಂದು ಬರೆದೆ. ಬರೆದ ಮೇಲೆ ಕೈ ತನ್ನಷ್ಟಕ್ಕೆ ಪ್ರತಿ ತ್ರಿಕೋನದಲ್ಲೂ ಒಂದು ತಲೆಬುರುಡೆ, ಅದರ ಕೆಳಗೆ ಎರಡು ಮೂಳೆ ಬರೆದುಬಿಟ್ಟಿತು. ಚೆನ್ನಾಗಿಯೇ ಬಂದಿದ್ದವು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಕೆಲಸ ಅಚ್ಚುಕಟ್ಟಾಗಿದೆ ಎಂದು ನನಗೆ ನಾನೇ ತಲೆಯಾಡಿಸಿ, ಉಳಿದ ತುಂಡನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಸಂದರ್ಶನಕ್ಕೆ ಹೋದೆ. ನೋಡಿದವರು ಏನೆಂದುಕೊಂಡಾರು ಎಂಬ ಯೋಚನೆ ಸುಳಿಯಲೇ ಇಲ್ಲ. ನನ್ನ ಸಹೋದ್ಯೋಗಿಗಳಲ್ಲಿ ಆ ಗುರುತು ನೋಡಿ ಗಾಬರಿಯಾದವರನ್ನು ನಾನು ಕಂಡಿರಲಿಲ್ಲ. ಅದನ್ನು ನೋಡಿದರೆ ನಮಗೆ ಒಂಥರಾ ನೆಮ್ಮದಿ. ಇಲ್ಲಿ ಯಾರೋ ಮೊದಲೇ ಬಂದು ನೋಡಿಕೊಂಡಿದ್ದಾರಲ್ಲ ಎಂದು.

ಒಳಗೆ ನನಗೆ ಕೇಳಿದ ಎರಡನೆಯ ಪ್ರಶ್ನೆ ‘ಮಣ್ಣು ಕೊಚ್ಚಿಹೋಗದಂತೆ ತಡೆಯುವುದು ಹೇಗೆ?’ ಅರ್ಧ ಉತ್ತರ ಹೇಳಿದ್ದೆ. ಅಷ್ಟರಲ್ಲಿ ಗಂಟೆ ಹೊಡೆದುಕೊಳ್ಳತೊಡಗಿತು. ಬಾಗಿಲು ತಳ್ಳಿಕೊಂಡು ಬಂದ ಸೆಕ್ಯೂರಿಟಿಯವರಿಗೆ ಉಸಿರಿಲ್ಲ. ‘ಎಲ್ರೂ ಹೊರಗೆ! ಎಲ್ರೂ ಹೊರಗೆ ಬನ್ನಿ! ಬಾಂಬ್ ಇಟ್ಬಿಟ್ಟಿದ್ದಾರೆ!’ ಇಡೀ ಕಾಲೇಜು ಮುಂದಿನ ಮೈದಾನಕ್ಕೆ ಬಂತು. ಪ್ರಯೋಗಾಲಯದವರು, ಲೈಬ್ರರಿಯವರು, ಬಾಯಲ್ಲಿ ಬ್ರೆಡ್ಡು ಕಚ್ಚಿಕೊಂಡ ಕ್ಯಾಂಟೀನಿನವರು. ಬಾಂಬು ಎಂಬ ಪದ ಕೇಳಿದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಸಾಲು ಮಾಡಿಸಿದೆ, ತಲೆ ಎಣಿಸಿದೆ, ಡೀನ್ ಸಾಹೇಬರಿಗೇ ‘ಆ ಗಾಜಿನ ಕಿಟಕಿಯಿಂದ ದೂರ ನಿಲ್ಲಿ ಸಾರ್’ ಎಂದು ಗದರಿಸಿದೆ. ಅವರು ವಿಧೇಯರಾಗಿ ನಿಂತರು. ಪೊಲೀಸಿನ ಬಾಂಬ್ ದಳ ಬಂತು, ನಾಯಿ ಸಮೇತ. ಇನ್‌ಸ್ಪೆಕ್ಟರ್ ಹತ್ತಿರ ಹೋಗಿ ನನ್ನ ಹಿಂದಿನ ಕೆಲಸ ಹೇಳಿ, ನನ್ನಿಂದೇನಾದರೂ ಸಹಾಯ ಬೇಕೇ ಎಂದು ಗಂಭೀರವಾಗಿ ಕೇಳಿದೆ. ‘ಕೆಂಪು ತ್ರಿಕೋನ, ತಲೆಬುರುಡೆ, ಮೊಣಕಾಲ ಎತ್ತರಕ್ಕೆ ಹುರಿ ಅಂತ ಹೇಳ್ತಿದ್ದಾರೆ. ಏನಿರಬಹುದು ಸಾರ್?’ ಎಂದರು. ನಾನು ಗಡ್ಡ ಸವರಿಕೊಂಡು ಹೇಳಿದೆ: ‘ಸಂಶಯವೇ ಇಲ್ಲ, ನೆಲಬಾಂಬು. ಇದು ತುಂಬ ತಿಳಿದವರ ಕೆಲಸ.’

ಹೇಳಿ ಮುಗಿಸಿದ ಮೇಲೆ ನನ್ನ ಕಂಕುಳು ನನಗೆ ನೆನಪಾಯಿತು. ಮೇಡಂ ಕನ್ನಡಕವನ್ನು ತಲೆಯಿಂದ ಕಣ್ಣಿಗೆ ಇಳಿಸಿಕೊಂಡು ಅಲ್ಲಿದ್ದ ಕೆಂಪು ತುಂಡನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ನಾಯಿ ಗೂಡಿನ ಹತ್ತಿರ ಹೋಗಿತ್ತು. ಹುಲ್ಲಿನಿಂದ ತಾಯಿ ಹಕ್ಕಿ ಎದ್ದಿತು ನೋಡು ಅಕ್ಕಾ, ಅದರ ಕಿರುಚಾಟಕ್ಕೆ ನನ್ನ ಎಡಗಿವಿಯೂ ಒಂದು ಕ್ಷಣ ಕೆಲಸಕ್ಕೆ ಬಂದಂತಾಯಿತು. ನಾಯಿಯ ತಲೆಯ ಮೇಲೆ ಎರಗಿತು, ತಿರುಗಿ ಬಂದು ಮತ್ತೆ ಎರಗಿತು. ಬಾಂಬಿಗೆ ಹೆದರದ ನಾಯಿ ಬಾಲ ಮಡಚಿಕೊಂಡು ಜೀಪಿನ ಕೆಳಗೆ ಸೇರಿತು. ಭಾರದ ಕವಚ ತೊಟ್ಟ ಪೊಲೀಸಿನವರೊಬ್ಬರು ಬಾಗಿ ನೋಡಿ ವೈರ್‌ಲೆಸ್‌ನಲ್ಲಿ ವರದಿ ಮಾಡಿದ್ದು ಎಲ್ಲರಿಗೂ ಕೇಳಿಸಿತು: ‘ಸಾರ್, ಮೊಟ್ಟೆ ಸಾರ್. ಮೂರಿದೆ ಸಾರ್. ನಿಷ್ಕ್ರಿಯ ಮಾಡ್ಬೇಕಾ ಸಾರ್?’

ನಕ್ಕರು, ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಡೀನ್ ಸಾಹೇಬರ ಮುಖ ನಿನ್ನ ಟೇಬಲ್ ಕ್ಲಾತಿನ ಬಣ್ಣಕ್ಕೆ ತಿರುಗಿತ್ತು. ನಾಲ್ಕನೆಯ ಕಾಲೇಜೂ ಕೈತಪ್ಪಿತು, ಇನ್ನು ಬಸ್ಸು ಹಿಡಿದು ಸೋಫಾಕ್ಕೆ ವಾಪಸ್ಸು, ಬಂದರಿನಲ್ಲಿ ನೀನು ಪೆಟ್ಟಿಗೆ ಹಿಡಿದು ಇಳಿಯುವುದು, ಎಲ್ಲ ಕಣ್ಣ ಮುಂದೆ ಬಂತು. ಇನ್‌ಸ್ಪೆಕ್ಟರ್ ಒಳ್ಳೆಯವರು, ಮುಂದೆ ಹೀಗೆ ಮಾಡುವುದಾದರೆ ಮೊದಲು ಗೇಟಿನಲ್ಲಿ ಹೇಳಿ ಎಂದು ಬುದ್ಧಿ ಹೇಳಿ, ಒಂದು ತ್ರಿಕೋನವನ್ನು ಕೈಯಲ್ಲಿ ತಿರುಗಿಸಿ ನೋಡಿ ‘ಬುರುಡೆ ಚೆನ್ನಾಗಿ ಬರ್ದಿದ್ದೀರ’ ಎಂದು ಹೊರಟರು. ಬುರುಡೆ ಎಂದದ್ದು ಚಿತ್ರಕ್ಕೋ ನನ್ನ ಮಾತಿಗೋ ತಿಳಿಯಲಿಲ್ಲ. ಡೀನ್ ಸಾಹೇಬರು ಮೇಡಂ ಕಡೆ ತಿರುಗಿ, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ, ‘ಇವರಿಗೇ ಸೀಟು ಕೊಡ್ಬೇಕೇನ್ರೀ?’ ಎಂದರು. ಮೇಡಂ ಹೇಳಿದ್ದನ್ನು ನಿನಗೆ ಇದ್ದ ಹಾಗೇ ಬರೆಯುತ್ತೇನೆ: ‘ಸಾರ್, ಹೋದ ವರ್ಷ ಇದೇ ಹಕ್ಕಿಗೆ ಅಂತ ನಾವು ಬಣ್ಣದ ಬೋರ್ಡ್ ಹಾಕಿದ್ವಿ, ದಯವಿಟ್ಟು ಈ ಕಡೆ ಬರಬೇಡಿ ಅಂತ. ಅದಕ್ಕೆ ಸೈಕಲ್ ಒರಗಿಸಿ ಇಟ್ಟಿದ್ರು, ಮೊಟ್ಟೆ ಒಂದೂ ಉಳೀಲಿಲ್ಲ. ಇವರ ಬಟ್ಟೆ ಚೂರಿಗೆ ಇಡೀ ಕಾಲೇಜು ಜಾಗ ಬಿಟ್ಟು ನಿಂತಿದೆಯಲ್ಲ ಸಾರ್.’ ಡೀನ್ ಸಾಹೇಬರು ಗೂಡಿನ ಕಡೆ ನೋಡಿದರು, ಜೀಪಿನ ಕೆಳಗಿದ್ದ ನಾಯಿಯನ್ನು ನೋಡಿದರು. ‘ಆ ತಲೆಬುರುಡೆ ತೆಗೆಸಿ’ ಎಂದಷ್ಟೇ ಹೇಳಿ ಒಳಗೆ ಹೋದರು. ಸೀಟು ಸಿಕ್ಕಿತು ಎನ್ನುವುದನ್ನು ಆ ಊರಿನಲ್ಲಿ ಹಾಗೆ ಹೇಳುತ್ತಾರೆಂದು ಅಡುಗೆಯ ಸಲಹೆಗಾರರು ಆಮೇಲೆ ನನಗೆ ಬಿಡಿಸಿ ಹೇಳಿದರು.

ಸೇನೆಯಲ್ಲಿ ಕಲಿತ ನಕ್ಷೆ ಓದುವುದು, ನೀರಿನ ಪರೀಕ್ಷೆ ಮುಂತಾದ್ದನ್ನೆಲ್ಲ ಅವರು ಎರಡು ವಿಷಯಗಳ ಲೆಕ್ಕಕ್ಕೆ ಹಿಡಿದಿದ್ದಾರೆ. ಆ ಪರೀಕ್ಷೆ ನಾನು ಬರೆಯಬೇಕಾಗಿಲ್ಲ. ಪಾಠಗಳ ಧ್ವನಿಮುದ್ರಣ ಕೊಡುತ್ತಾರೆ, ಎಡಗಿವಿಯ ಪಾಲಿನದ್ದನ್ನು ಬಲಗಿವಿ ಮನೆಗೆ ಬಂದು ಓವರ್‌ಟೈಮ್ ಮಾಡಿ ಕೇಳಿಸಿಕೊಳ್ಳಬಹುದು. ನನ್ನಂಥವರು ಇನ್ನೂ ಆರೇಳು ಮಂದಿ ಇದ್ದಾರೆ. ವಾರಕ್ಕೊಮ್ಮೆ ಸಸಿಗಳ ಶೆಡ್ಡಿನಲ್ಲಿ ಸೇರಿ ಚಹಾ ಕುಡಿಯುತ್ತಾರಂತೆ, ಎಲ್ಲರೂ ಗೋಡೆಗೇ ಒರಗಿ, ಬಾಗಿಲನ್ನೇ ನೋಡುತ್ತಾ. ಎರಡನೆಯ ವರ್ಷ ನಾನು ಕೆಲಸ ಮಾಡಬೇಕಾದ ಜಾಗ ಒಂದು ಕೈಬಿಟ್ಟ ಫೈರಿಂಗ್ ರೇಂಜು. ಅಲ್ಲಿ ಹುಲ್ಲು ಸೊಂಟದೆತ್ತರ ಇದೆಯಂತೆ. ಈ ಸಲ ಅದನ್ನು ಗೋದಾಮಿಗೆ ಬಿಟ್ಟುಕೊಡುವ ಮಾತಿಲ್ಲ. ಮೊನ್ನೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು, ಎಲ್ಲರಿಗೂ ಬೆನ್ನು ಹಾಕಿಕೊಂಡು, ಮನೆ ಬರುವವರೆಗೆ ನಿದ್ದೆ ಮಾಡಿದೆ. ಇದು ನಿನಗೆ ಮಾತ್ರ ಅರ್ಥವಾಗುವ ಸುದ್ದಿ.

ಹಿತ್ತಲನ್ನು ಇನ್ನು ಅಗೆಯುವುದಿಲ್ಲ, ಸೋಫಾಕ್ಕೆ ಒಂದು ಹೊದಿಕೆ ಹಾಕಿ ಗೌರವದಿಂದ ಬೀಳ್ಕೊಟ್ಟಿದ್ದೇನೆ. ದೊಡ್ಡಮ್ಮ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದ್ದಾರೆ, ಮನೆ ಕೀಲಿ ಅವರ ಹತ್ತಿರ ಕೊಡುತ್ತೇನೆ, ಗಿಡಗಳಿಗೆ ನೀರೂ ಅವರದ್ದೇ. ಬಟ್ಟೆಯ ಉಳಿದ ತುಂಡು ಒಗೆದು ಇಟ್ಟಿದ್ದೇನೆ, ಒಂದು ಕಡೆ ಮಾತ್ರ ಅದೇನೋ ಹಳದಿ ಕಲೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ತ್ರಿಕೋನಗಳು ಮೊಟ್ಟೆ ಒಡೆಯುವವರೆಗೆ ಅಲ್ಲೇ ಇರಬೇಕು, ಮೇಡಂ ಅಪ್ಪಣೆ. ನಿನ್ನ ಹಡಗಿನ ರೋಗಿಗಳೆಲ್ಲ ಬೇಗ ಗುಣವಾಗಲಿ, ಅಲೆಗಳು ನಿನ್ನ ಮಾತು ಕೇಳಲಿ. ನಾನಂತೂ ಎಂದೂ ಕೇಳಲಿಲ್ಲ. ನಿನ್ನ ಮಂಡಿಗಳಿಗೆ ನನ್ನ ಪ್ರತ್ಯೇಕ ನಮಸ್ಕಾರ.

ನಿನ್ನ ತಮ್ಮ,
ಗುಂಡ
(ಇಪ್ಪತ್ತು ವರ್ಷ ಗುಂಡಿಗೆ ಸಿಗದವನು, ಕೊನೆಗೆ ಮೊಟ್ಟೆಗೆ ಸಿಕ್ಕಿಬಿದ್ದವನು)

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಹಡಗಿನ ಅಂಚೆಚೀಲ ಹೊರಡುವ ಹೊತ್ತಾಯಿತು, ಅಕ್ಷರ ಕ್ಷಮಿಸು. ಇಪ್ಪತ್ತು ಹೆಜ್ಜೆ ದೂರದಿಂದ ನೋಡಿದೆ ಎಂದು ಬರೆದೆನಲ್ಲ, ಅದು ಬುರುಡೆ. ತೋಟದ ತುಪಾಕಿ ಢಮಾರ್ ಎಂದಾಗ ಕಣ್ಣು ಮಿಟುಕಿಸಲಿಲ್ಲ ಎಂದದ್ದು ನಿಜ. ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ, ಕೆಸರಿನಲ್ಲಿ ಅಂಗಾತ ಅಲ್ಲ, ಬೋರಲು ಬಿದ್ದು, ಎರಡು ಕೈಯೂ ತಲೆಯ ಮೇಲೆ, ಅಷ್ಟೂ ಹುಡುಗರ ಎದುರಿಗೆ. ಕುಕ್ಕರಿನ ದಿನವೂ ಪೇಪರಿನ ಪುಟ ಮಗುಚಿದ್ದು ಮೇಜಿನ ಕೆಳಗೆ ಕೂತು. ಕಣ್ಣು ಬಿಟ್ಟಾಗ ಮೇಡಂ ನನ್ನ ಪಕ್ಕದಲ್ಲೇ ಮಲಗಿದ್ದರು. ಏನಾಯಿತು ಎಂದು ಕೇಳಲಿಲ್ಲ. ನನ್ನ ಮೂಗಿನ ಮುಂದೆ ನೋಡಿ ‘ಎಷ್ಟಿವೆ?’ ಎಂದರು. ಅವರು ಮಲಗಿದ್ದು ಪರೀಕ್ಷೆಯ ಭಾಗವೆಂದುಕೊಂಡು ಹುಡುಗರೆಲ್ಲ ಮಲಗಿದರು, ಹಾಗಾಗಿ ಬಿದ್ದವನು ಯಾರೆಂದು ಯಾರಿಗೂ ಲೆಕ್ಕ ಸಿಗಲಿಲ್ಲ. ಕಾಲೇಜು ಆರಿಸಿದ್ದು ಅದಕ್ಕೇ. ನೀನು ಒಂದು ವರ್ಷ ಹೇಳಿ ಹೇಳಿ ಸೋತ ಆ ಮನೋವೈದ್ಯರ ವಿಷಯ: ಕಾಲೇಜಿನಲ್ಲೇ ಒಬ್ಬರಿದ್ದಾರೆ, ಪ್ರತಿ ಗುರುವಾರ ಹೋಗುತ್ತೇನೆಂದು ಒಪ್ಪಿಕೊಂಡು ಬಂದಿದ್ದೇನೆ, ಮೊನ್ನೆಯ ಗುರುವಾರವೇ ಮೊದಲ ಸಲ ಹೋಗಿಯೂ ಬಂದೆ. ಆದ್ದರಿಂದ ಬಂದರಿನಲ್ಲಿ ಇಳಿಯಬೇಡ. ದಯವಿಟ್ಟು ಇಳಿಯಬೇಡ ಅಕ್ಕಾ. ಇನ್ನೊಂದು. ಟಿಟ್ಟಿಭ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದಂತೆ. ‘ಮೂರೇ ಯಾಕಿದೆ?’ ಎಂದು ಮೇಡಂ ಕೇಳಿದಾಗ ನಾನು ಮೆಲ್ಲಗೆ ಎದೆ ಎತ್ತಿ ತೋರಿಸಿದೆ. ಸಂರಕ್ಷಣೆಯಲ್ಲಿ ನಿನ್ನ ತಮ್ಮನ ಮೊದಲ ಕೊಡುಗೆ ಅಂಗಿಯ ಜೇಬಿಗೆ ಮೆತ್ತಿಕೊಂಡಿತ್ತು. ಅವರು ನೋಡಿ, ‘ಸರಿ, ಉಳಿದ ಮೂರನ್ನ ನೋಡ್ಕೊಳ್ಳೋಣ, ಏಳಿ’ ಎಂದರು. ಎದ್ದೆ. ಆಮೇಲೆ ಅಂಗಿ ಒರೆಸಿಕೊಂಡದ್ದು ನಿನ್ನ ಟೇಬಲ್ ಕ್ಲಾತಿನಲ್ಲಿ.